ನಾಲಿಗೆಗೆ ಬಾರದ ದಾಖಲೆ

ಬೆಳಿಗ್ಗೆ ಕೈಯಲ್ಲಿದ್ದ ಸೌಟನ್ನು ಸೌಟು ಎನ್ನಲೂ ಇಷ್ಟೇ ಹೊತ್ತು ತಡೆದಿದ್ದಳಲ್ಲವೇ? ಅಥವಾ ಸೌಟಿಗಿಂತ ತನ್ನನ್ನು ಗುರುತಿಸಲು ಒಂದಿಷ್ಟು ಹೆಚ್ಚೇ ಹೊತ್ತು ಹಿಡಿಯಿತೋ? ಹಾಗೆ ಅಳೆಯುವುದೇ ತಪ್ಪು. ಸೌಟನ್ನೂ ತನ್ನನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವ ತಾನೆಂಥ ಗಂಡ? ಹಾಗೆಂದುಕೊಂಡರೂ ಮನಸ್ಸು ತೂಗುತ್ತಲೇ ಇತ್ತು.

ಅಡಿವೆಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿದ್ದ. ಒಳಗೆ ಚಾಪೆಯ ಮೇಲೆ ಕೂತ ನೀಲಗಂಗಾ ಕೈಯಲ್ಲಿನ ಕಸೂತಿ ಬಟ್ಟೆಯಿಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಕಣ್ಣು ಅವನ ಮುಖದ ಮೇಲಿತ್ತು, ಕಣ್ಣಿನ ಹಿಂದೆ ಯಾರೋ ಕತ್ತಲೆಯ ಓಣಿಯಲ್ಲಿ ಮನೆ ಹುಡುಕುತ್ತ ನಡೆದಂತಿತ್ತು. ಸೂಜಿ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಅವಳ ಮುಖ ಸಡಿಲಾಯಿತು.

"ಬರ್ರಿ. ಕೂಡ್ರಿ. ಚಾ ಮಾಡ್ಲೇನು?"

ಮದುವೆಯಾದಾಗಿನಿಂದ ಅವಳು ಕೇಳುತ್ತ ಬಂದದ್ದು ಅದೇ ಮಾತು. ಧ್ವನಿಯೂ ಅದೇ. ಅಡಿವೆಪ್ಪ ಉಸಿರುಬಿಟ್ಟು ಒಳಗೆ ಬಂದ.

ಹಿಂದೊಂದು ವರ್ಷ ಮಿದುಳುಜ್ವರ ಬಂದು ನೀಲಗಂಗಾಳನ್ನು ಸುಟ್ಟುಹೋಗಿತ್ತು. ಜೀವ ಉಳಿಯಿತು. ನೆನಪುಗಳೂ ತಲೆಯಲ್ಲಿ ಹಾಗೇ ಇದ್ದವು. ಸುಟ್ಟದ್ದು ಅವುಗಳಿಗೆ ಹೋಗುವ ದಾರಿಗಳು. ಅವ್ವನ ಮುಖ ನೋಡಿದರೆ ಅವ್ವ ಎಂಬುದು ಹೊಳೆಯುತ್ತಿರಲಿಲ್ಲ, ಉಪ್ಪು ನಾಲಿಗೆಗೆ ತಾಕಿದರೂ ಉಪ್ಪು ಎನ್ನಲು ಬರುತ್ತಿರಲಿಲ್ಲ. ಅಂಥವರಿಗಾಗಿಯೇ ಧಾರವಾಡದ ಆ ಸಂಶೋಧನಾಲಯದಲ್ಲಿ ಒಂದು ಬಿಲ್ಲೆ ತಯಾರಾಗಿತ್ತು. ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರುವ ಗುಂಡನೆಯ ಬಿಲ್ಲೆ. ಅದರಲ್ಲಿ ಇರುವುದು ನೆನಪಲ್ಲ, ನೆನಪಿನ ದಾರಿಗಳ ಕಡತ. ಒಂದೊಂದು ದಾರಿಗೆ ಒಂದೊಂದು ದಾಖಲೆ, ಒಂದೊಂದು ದಾಖಲೆಯ ತಲೆಯ ಮೇಲೆ ಒಂದು ಹೆಸರು. ಮಿದುಳು ಕೇಳುತ್ತದೆ, ಬಿಲ್ಲೆ ಹುಡುಕುತ್ತದೆ, ದಾರಿ ತೋರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯಬೇಕು.

ಬಿಲ್ಲೆ ಕಟ್ಟಿದವರಲ್ಲಿ ಅಡಿವೆಪ್ಪನೂ ಒಬ್ಬ. ತನ್ನ ಕೆಲಸ ತನ್ನ ಮನೆಗೇ ಬೇಕಾಗುತ್ತದೆಂದು ಕಟ್ಟುವಾಗ ಅವನಿಗೆ ಗೊತ್ತಿರಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ನೀಲಗಂಗಾ ಮತ್ತೆ ಕಸೂತಿ ಕಲಿಸಲು ಕೂತಳು, ಓಣಿಯ ಹುಡುಗಿಯರು ಮತ್ತೆ ಚಾಪೆ ತುಂಬಿದರು. ಆಮೇಲಾಮೇಲೆ ಮಾತಿನ ನಡುವೆ ಸಣ್ಣ ಬಿರುಕು ಬಿಡತೊಡಗಿತು. ಇತ್ತೀಚೆಗಂತೂ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಬ್ಬರು ನೀರು ಕುಡಿದು ಬರಬಹುದಿತ್ತು.

ಅವಳು ಚಾದ ಬಟ್ಟಲು ಇಟ್ಟು ಎದುರಿಗೆ ಕೂತಳು.

"ಇವತ್ತ ಇಬ್ರ ಹುಡಿಗ್ಯಾರು ಬಂದಿದ್ರು," ಎಂದಳು. ತಡೆದಳು. "ಮುಂದಿಂದು ಗೋಪುರದ ಹೆಣಿಕೆ ಅಂತ ಹೇಳಬೇಕಾಗಿತ್ತು. ಬಾಯಿ ತೆಗದು ಕೂತೆ. ಗೋಪುರ ಅನ್ನೂದು ಬರಲಿಲ್ಲ. ಆ ಹುಡಿಗ್ಯಾರು ಒಬ್ರ ಮುಖ ಒಬ್ರು ನೋಡಿದ್ರು. ನಗಲಿಲ್ಲ. ನಕ್ಕಿದ್ರ ಚಲೋ ಇತ್ತು."

"ಗುರುವಾರ ಸಂಶೋಧನಾಲಯದಾಗ ಎಲ್ಲಾ ಸರಿ ಮಾಡತಾರ," ಅಡಿವೆಪ್ಪ ಹೇಳಿದ.

ನೀಲಗಂಗಾ ಅವನನ್ನು ನೋಡಿದಳು. ಮತ್ತೆ ಅದೇ ಓಣಿ, ಅದೇ ಹುಡುಕಾಟ.

"ನೀವು ಭಾಳ ತ್ರಾಸ ತಗೋತೀರಿ ನನ್ನ ಸಲುವಾಗಿ," ಎಂದಳು.

ಅಡಿವೆಪ್ಪ ಚಾದ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟ.

*

ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರ್ ಜುಬೇದಾ ಮುಲ್ಲಾ ಪರದೆಯ ಮೇಲಿನ ಚಿತ್ರವನ್ನು ಬೆರಳಲ್ಲಿ ತಟ್ಟಿದರು. ಉದ್ದನೆಯ ಪಟ್ಟಿ. ಅಲ್ಲಲ್ಲಿ ಹಸಿರು, ಉಳಿದದ್ದೆಲ್ಲ ಬೂದಿ.

"ನೋಡ್ರಿ ಹಂಚಿನಾಳರ, ನಿಮ್ಮ ಮನಿಯವರ ಕಡತ. ಮೂರ ಪಾಲಿನಾಗ ಎರಡ ಪಾಲು ಬೂದಿ. ಇಷ್ಟ ದಿನ ಅವರು ಮಾತಾಡಿದ್ದ ದೊಡ್ಡದು."

ಇಲ್ಲಿ ಅವನನ್ನು ಎಲ್ಲರೂ ಕರೆಯುವುದು ಮನೆತನದ ಹೆಸರಿನಿಂದ. ಅಡಿವೆಪ್ಪ ಎಂಬುದು ಅಜ್ಜನ ಹೆಸರು, ಹಳೆಯ ಕಾಲದ್ದು. ಕಾಲೇಜಿನಲ್ಲಿ ಯಾರೋ ನಕ್ಕಿದ್ದರೆಂದು ಅಂದಿನಿಂದ ಅವನೇ ಅದನ್ನು ಮಡಚಿಟ್ಟಿದ್ದ.

ಬೂದಿಯೆಂದರೆ ಅಳಿಸಿದ ದಾಖಲೆ. ಆದರೆ ಬಿಲ್ಲೆ ಯಾವುದನ್ನೂ ನಿಜವಾಗಿ ಅಳಿಸುವುದಿಲ್ಲ. ಅಳಿಸಿದೆ ಎಂದು ಗುರುತು ಹಾಕುತ್ತದೆ, ಅಷ್ಟೆ. ಅದನ್ನು ಕಿತ್ತು, ಉಳಿದದ್ದನ್ನು ಸರಿಸಿ ಕೂಡಿಸುತ್ತ ಕೂತರೆ ಮಾತಿನ ನಡುವೆ ಮಿದುಳು ಕಾಯಬೇಕಾಗುತ್ತದೆ. ಹಾಗಾಗಿ ಜಾಗ ಹಾಗೇ ಇರುತ್ತದೆ, ದಾಖಲೆಯೂ ಒಳಗೇ ಇರುತ್ತದೆ, ಬಾಗಿಲು ಮಾತ್ರ ಮುಚ್ಚಿರುತ್ತದೆ. ಹೊಸಬರಿಗೆ ಅಡಿವೆಪ್ಪ ಇದನ್ನು ಟಪಾಲಿನವನ ಉಪಮೆ ಕೊಟ್ಟು ವಿವರಿಸುತ್ತಿದ್ದ. ಓಣಿಯ ಅರ್ಧ ಮನೆಗಳು ಖಾಲಿಯಾಗಿವೆ, ಆದರೆ ಟಪಾಲಿನವ ಪ್ರತಿ ಬಾಗಿಲಿಗೂ ನಿಂತು, ಬೀಗ ನೋಡಿ, ಮುಂದೆ ಹೋಗಬೇಕು. ಖಾಲಿ ಮನೆ ಹೆಚ್ಚಾದಷ್ಟೂ ಪತ್ರ ತಡ. ಮರುಜೋಡಣೆ ಎಂದರೆ ಇನ್ನೂ ಇರುವವರನ್ನೆಲ್ಲ ಒಂದು ಹೊಸ ಓಣಿಗೆ ಒತ್ತೊತ್ತಾಗಿ ಕರೆತಂದು ಕೂರಿಸುವುದು. ಹಳೆಯ ಓಣಿಯನ್ನು ಕೆಡವುವುದು.

"ಕೆಡವಿದ ಮ್ಯಾಲೆ ಬೀಗ ಹಾಕಿದ ಮನಿಗೋಳೂ ಹೋಗತಾವು," ಅಡಿವೆಪ್ಪ ತನಗೆ ತಾನೇ ಎಂಬಂತೆ ಹೇಳಿದ.

"ಹೋಗ್ಲಿ ಬಿಡ್ರಿ. ಸಾಲಿಯಾಗಿನ ಜೋಡಿದಾರರು, ಎಂದೋ ನೋಡಿದ ಕಂಡಕ್ಟರು. ಯಾರಿಗೆ ಬೇಕು?"

"ಯಾವ್ಯಾವು ಅಂತ ಒಮ್ಮೆ ನೋಡಬಹುದೇನು ಮೇಡಂ?"

ಜುಬೇದಾ ಕನ್ನಡಕ ಇಳಿಸಿ ಅವನನ್ನು ನೋಡಿದರು. "ರೋಗಿ ತಲಿಯೊಳಗ ಇಣುಕಬಾರದು, ನಕಲು ಮಾಡಿ ಇಟ್ಕೋಬಾರದು ಅಂತ ಕಾಯ್ದೆ ಬಂದಾಗ ಎಲ್ಲಾರಕಿಂತ ಮೊದಲ ಚಪ್ಪಾಳಿ ಹೊಡದಾವರು ನೀವ. ಈಗ ಹೆಂಡತಿ ತಲಿ ಅಂದಕೂಡ್ಲೆ ಕಿಡಿಕಿ ಬೇಕಾತೇನು?" ಎಂದು ನಕ್ಕು, ಅವನು ನಗದಿದ್ದುದನ್ನು ಕಂಡು ಧ್ವನಿ ತಗ್ಗಿಸಿದರು. "ಅಂಜಬ್ಯಾಡ್ರಿ. ಮರುಜೋಡಣಿ ಮೊದಲ ಅವರ ಕಡಿಂದ ಅವರ ಮಂದಿ ಹೆಸರು ಹೇಳಸ್ತೀವಲ್ಲ. ಬೂದಿ ಒಳಗ ಬಿದ್ದಿದ್ರೂ ನಾಲಿಗಿಗೆ ಬಂದ್ರ ಸಾಕು, ಗುರುತು ಹೋಗಿ ದಾರಿ ತೆರೀತೈತಿ. ಅವರಿಗೆ ನೆನಪಾಗದಿದ್ರ ನಾವ ಹೇಳಿ ಅನಸಬಹುದು. ನೀವ ಬರದ ನೇಮ ಅದು."

ಹೌದು, ಅವನೇ ಬರೆದ ನೇಮ. ಬಿಲ್ಲೆಯ ಮೊದಲ ದಿನಗಳಲ್ಲಿ ಮನಸ್ಸಿಗೆ ಬಂದುಹೋದದ್ದನ್ನೆಲ್ಲ ಬಳಕೆಯೆಂದು ಎಣಿಸುತ್ತಿದ್ದರು. ಮನಸ್ಸು ಗುಬ್ಬಿಯ ಹಾಗೆ, ಒಂದು ಗಳಿಗೆಯಲ್ಲಿ ನೂರು ಕಡೆ ಕೂತು ಹಾರುತ್ತದೆ. ಯಾವುದೂ ಹಳತಾಗುತ್ತಿರಲಿಲ್ಲ, ಬಿಲ್ಲೆ ತುಂಬಿ ತುಳುಕುತ್ತಿತ್ತು. ಆಗ ಸಭೆಯಲ್ಲಿ ಅಡಿವೆಪ್ಪ ಎದ್ದುನಿಂತು ಹೇಳಿದ್ದ: ನಾಲಿಗೆಗೆ ಬಂದದ್ದಷ್ಟೇ ಬಳಕೆ. ಬಹುಕಾಲ ಯಾವ ಹೆಸರನ್ನು ಮನುಷ್ಯ ಬಾಯಿಬಿಟ್ಟು ಹೇಳಿಲ್ಲವೋ ಆ ದಾಖಲೆ ಅವನಿಗೆ ಬೇಕಿಲ್ಲ ಎಂದರ್ಥ, ಅದಕ್ಕೆ ಅಳಿಸಿದ ಗುರುತು ಹಾಕಿ. ಎಲ್ಲರಿಗೂ ಸರಿಯೆನಿಸಿತ್ತು. ಸಂಶೋಧನಾಲಯದ ಹುಡುಗ ಹುಡುಗಿಯರ ಮೇಲೇ ಪರೀಕ್ಷೆ ನಡೆದಿತ್ತು. ಅವರೆಲ್ಲ ದಿನವಿಡೀ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವವರು.

*

ಬುಧವಾರ ಸಂಜೆ ನೀಲಗಂಗಾಳ ತಂಗಿ ಕಸ್ತೂರಿ ಉಡಿ ತುಂಬಲು ಬಂದಳು. ಅಕ್ಕ ಆಸ್ಪತ್ರೆಯಂಥ ಜಾಗಕ್ಕೆ ಹೋಗುತ್ತಿದ್ದಾಳೆ, ಖಾಲಿ ಉಡಿಯಲ್ಲಿ ಕಳಿಸಬಾರದೆಂದು ಅವಳ ಹಟ. ಓಣಿಯ ನಾಲ್ಕಾರು ಹೆಂಗಸರು ಸೇರಿದರು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಸೆರಗಿಗೆ ಬಿದ್ದವು. ಅಡಿವೆಪ್ಪ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ.

ಪಕ್ಕದ ಮನೆಯ ರುದ್ರವ್ವನಿಗೆ ಸುಮ್ಮನಿದ್ದು ಗೊತ್ತಿಲ್ಲ. "ಉಡಿ ತುಂಬೇತಿ, ಇನ್ನ ಒಡಪ ಹಾಕಿ ಗಂಡನ ಹೆಸರ ಹೇಳವಾ. ಹೇಳದಿದ್ರ ನಾವೇನ್ ಬಿಡಾವ್ರಲ್ಲ."

"ನಾ ಒಲ್ಲೆ," ನೀಲಗಂಗಾ ನಕ್ಕಳು.

"ಒಲ್ಲೆ ಅಂದ್ರ ನಿನ್ನ ಗಂಡನ್ನ ನಾ ಕರಕೊಂಡ ಹೊಕ್ಕೀನಿ ನೋಡು. ನಮ್ಮ ಮನ್ಯಾಗ ನೀರ ತರಾಕ ಒಂದಾಳು ಬೇಕಾಗೇತಿ."

ಎಲ್ಲರೂ ನಕ್ಕರು. ಕಸ್ತೂರಿ ಅಕ್ಕನ ಹೆಗಲು ಹಿಡಿದು ಅಲುಗಿಸಿದಳು. "ಹೇಳಕ್ಕಾ, ಮದಿವ್ಯಾಗ ಹೇಳಿದ್ದನ್ನ ಹೇಳು. ಆವಾಗೂ ಕಡಿಗೆ ಬಂದು ಹೆಸರ ನುಂಗಿದ್ದಿ."

ನಿಜ. ಮದುವೆಯ ದಿನ ಹೆಸರು ಬರುವ ಹೊತ್ತಿಗೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಂದಿನಿಂದ ಇಂದಿನವರೆಗೆ 'ರೀ' ಎಂದೂ, 'ನಮ್ಮ ಮನಿಯವ್ರು' ಎಂದೂ ಅವಳ ಸಂಸಾರ ನಡೆದಿತ್ತು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳಿಗೆ ಅವ್ವ ಹೇಳಿಕೊಟ್ಟಿದ್ದಳು. ಅಡಿವೆಪ್ಪನಿಗೂ ಆ ಹೆಸರಿನ ಮೇಲೆ ಪ್ರೀತಿಯಿರಲಿಲ್ಲ, ಹೇಳೆಂದು ಅವನೂ ಕೇಳಿದವನಲ್ಲ.

ನೀಲಗಂಗಾ ಕಣ್ಣು ಮುಚ್ಚಿ ರಾಗವಾಗಿ ಶುರುಮಾಡಿದಳು. ಲಯಕ್ಕೆ ಬಿಲ್ಲೆಯ ಹಂಗಿಲ್ಲ, ಅದು ಮೈಯಲ್ಲೇ ಇರುತ್ತದೆ.

"ಗಂಟು ಹಾಕದ ಕಸೂತಿಗೆ ಎರಡೂ ಮಗ್ಗಲ ಚೆಂದ,
ಗಂಟು ಹಾಕಿದ ಸಂಸಾರಕ್ಕ ಇಬ್ಬರಿದ್ರ ಚೆಂದ,
ಕರೀದನ ಬರತಾರ ಹೊಸ್ತಿಲಕ, ನಮ್ಮ..."

ನಿಂತಳು.

ಹೆಂಗಸರು ಕಿವಿ ಮುಂದೆ ಚಾಚಿದರು. ನೀಲಗಂಗಾ ಕಣ್ಣು ತೆರೆದಳು. ಆ ಕಣ್ಣು ಒಂದು ಸುತ್ತು ತಿರುಗಿ ಒಳಬಾಗಿಲಲ್ಲಿ ನಿಂತವನ ಮೇಲೆ ಬಂದು ತಂಗಿತು. ಅದರಲ್ಲಿ ನಾಚಿಕೆಯಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಊರು ಗೊತ್ತಿಲ್ಲದವಳು ಪಕ್ಕದವರನ್ನು ನೋಡುವ ನೋಟ.

"ನಾಚ್ಕೊಂಡ್ಲು, ನಾಚ್ಕೊಂಡ್ಲು! ಇಷ್ಟ ವಯಸ್ಸಾದ್ರೂ!" ರುದ್ರವ್ವ ಚಪ್ಪಾಳೆ ತಟ್ಟಿದಳು. ನೀಲಗಂಗಾ ಆ ಮಾತು ಸಿಕ್ಕಿದ್ದೇ ತಡ, ಅದನ್ನು ಹಿಡಿದುಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಮನೆ ತುಂಬಿತು.

ಅಡಿವೆಪ್ಪ ಒಳಕೋಣೆಗೆ ಸರಿದು ಮಂಚದ ತುದಿಯಲ್ಲಿ ಕೂತ. ನಾಲಿಗೆಗೆ ಬಂದದ್ದಷ್ಟೇ ಬಳಕೆ. ಸಭೆಯಲ್ಲಿ ಎದ್ದು ಹಾಗೆ ಹೇಳಿದ ದಿನವೂ ಮನೆಗೆ ಬಂದಾಗ 'ಬರ್ರಿ, ಕೂಡ್ರಿ' ಎಂದಿದ್ದಳು ಇವಳು. ತನ್ನ ಮನೆಯನ್ನೇ ಮರೆತು ಜಗತ್ತಿಗೆ ನೇಮ ಬರೆದಿದ್ದ.

ಆದರೆ ನಾಚಿಕೆಯೇ ಇರಬಹುದಲ್ಲ? ಮದುವೆಯಲ್ಲೂ ಹೀಗೇ ನಿಂತಿದ್ದಳಲ್ಲ? ದಿನವೂ ಚಾ ಕೊಡುತ್ತಾಳೆ, ಪಕ್ಕದಲ್ಲಿ ಮಲಗುತ್ತಾಳೆ. ಕೈಗೆ ರೂಢಿ, ಮೈಗೆ ರೂಢಿ. ಅದಕ್ಕೂ ಬಿಲ್ಲೆ ಬೇಕಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊರಗೆ ಹೋಗಿ ಅವಳ ಎದುರು ಕೂತು, ನಾನು ಯಾರು ಹೇಳು ಎಂದು ಕೇಳಿದರೆ ಮುಗಿಯಿತು. ಹಾಗೆ ಕೇಳಿದ ಮೇಲೆ ಅವಳು ಸುಮ್ಮನಿದ್ದರೆ?

ನಾಳೆ ಪರದೆ ಹೇಳುತ್ತದೆ ಎಂದುಕೊಂಡ. ನಾಚಿಕೆಯಾದರೆ ದಾರಿ ಥಟ್ಟನೆ ಸಿಕ್ಕಿ ನಾಲಿಗೆ ಮಾತ್ರ ತಡೆಯುತ್ತದೆ. ಇಲ್ಲದಿದ್ದರೆ ಹುಡುಕಾಟದ ಗೆರೆ ಕಡತದ ತುದಿಯವರೆಗೆ ಓಡಿ ಬರಿಗೈಯಲ್ಲಿ ಬರುತ್ತದೆ. ಹಾಗೇನಾದರೂ ಆದರೆ ಧ್ವನಿವರ್ಧಕದ ಗುಂಡಿ ಒತ್ತಿ, 'ಅಡಿವೆಪ್ಪ ಅನ್ನು' ಎಂದರಾಯಿತು. ಅವಳು ಒಮ್ಮೆ ಅಂದರೆ ಸಾಕು.

*

ಗಾಜಿನ ಆಚೆ ನೀಲಗಂಗಾ ಒರಗುಕುರ್ಚಿಯಲ್ಲಿ ಕೂತಿದ್ದಳು. ಜುಬೇದಾ ಅವಳ ಎದುರು, ಪರದೆಗೆ ಬೆನ್ನು ಮಾಡಿ. ಗಾಜಿನ ಈಚೆ ನಿಯಂತ್ರಣ ಕೋಣೆಯಲ್ಲಿ ಪರದೆಯ ಮುಂದೆ ಅಡಿವೆಪ್ಪ ಒಬ್ಬನೇ. ಬೆರಳು ಧ್ವನಿವರ್ಧಕದ ಗುಂಡಿಯ ಮೇಲೆ.

"ನಿಮ್ಮ ಮಂದಿ ಹೆಸರು ಒಂದೊಂದ ಹೇಳ್ರಿ ನೋಡೂಣು. ಅವಸರ ಇಲ್ಲ."

"ನಮ್ಮವ್ವ ಪಾರ್ವತೆವ್ವ," ಎಂದಳು ನೀಲಗಂಗಾ, ತಡೆತಡೆದು. ಪರದೆಯ ಗೆರೆ ಬೀಗ ಹಾಕಿದ ಮನೆಗಳನ್ನು ದಾಟಿಕೊಂಡು ಹೋಗಿ ಒಂದು ಹಸಿರಿನಲ್ಲಿ ನಿಂತಿತು. "ಅಪ್ಪ ಚನಮಲ್ಲಪ್ಪ." ಸಿಕ್ಕಿತು. "ತಂಗಿ ಕಸ್ತೂರಿ." ಬೇಗ ಸಿಕ್ಕಿತು. ಕಸೂತಿ ಕಲಿಯುವ ಹುಡುಗಿಯರ ಹೆಸರುಗಳು ಬಂದವು, ರುದ್ರವ್ವನದೂ ಬಂತು.

"ಮತ್ತ ನಿಮ್ಮ ಯಜಮಾನರು?"

ಗೆರೆ ಹೊರಟಿತು. ಹಸಿರು ದಾಟಿತು, ಬೂದಿ ದಾಟಿತು, ಮತ್ತೆ ಹಸಿರು, ಮತ್ತೆ ಬೂದಿ. ಕಡತದ ತುದಿ ಮುಟ್ಟಿತು. ಮರಳಿತು. ಇನ್ನೊಮ್ಮೆ ಹೊರಟಿತು, ಈ ಸಲ ಇನ್ನೂ ಮೆಲ್ಲಗೆ, ಪ್ರತಿ ಬಾಗಿಲನ್ನೂ ತಟ್ಟಿ ನೋಡುವಂತೆ. ಎಲ್ಲೂ ನಿಲ್ಲಲಿಲ್ಲ.

ಗಾಜಿನ ಆಚೆ ನೀಲಗಂಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರ ಹೆಸರ ನಾ ಹೆಂಗ ಹೇಳ್ಲಿ ಡಾಕ್ಟ್ರ," ಎಂದಳು.

ಜುಬೇದಾ ಗೊಳ್ಳೆಂದು ನಕ್ಕರು. "ನಮ್ಮ ಅಮ್ಮೀನೂ ಹಿಂಗ. ರೇಶನ್ ಅಂಗಡ್ಯಾಗ ಅಬ್ಬಾನ ಹೆಸರ ಕೇಳಿದ್ರ ನನ್ನ ಮುಂದ ದಬ್ಬತಿದ್ಲು. ಇರ್ಲಿ, ಇರ್ಲಿ. ಅವರೇನ್ ಎಲ್ಲಿ ಹೊಕ್ಕಾರ, ಅಲ್ಲೇ ಕೂತಾರಲ್ಲ."

ಆಗ ನೀಲಗಂಗಾಳ ಮುಖದಲ್ಲಿ ಮೂಡಿದ ಬಿಡುಗಡೆಯನ್ನು ಅಡಿವೆಪ್ಪ ನೋಡಿದ. ಎಷ್ಟು ದಿನದಿಂದ ಹೀಗೆ ಬಚ್ಚಿಟ್ಟುಕೊಂಡು ಬಂದಿದ್ದಾಳೆ ಇವಳು! ಮನೆಗೆ ಬರುವ ಗಂಡಸು ಯಾರೆಂದು ಹೊಳೆಯದೆ, ಕೇಳಿದರೆ ಅವನಿಗೆ ನೋವಾದೀತೆಂದು ಕೇಳದೆ, ದಿನವೂ ಚಾ ಕೊಟ್ಟು, ದಿನವೂ ಅವನು ಬಂದಾಗ ಹುಡುಕಿ, ಸಿಗದೆ, ಮತ್ತೆ ನಕ್ಕು. ಅವಳು ತಡೆಯುತ್ತಿದ್ದುದು ಬರೀ ಬಿಲ್ಲೆಯ ನಿಧಾನವಾಗಿರಲಿಲ್ಲ. ಅದು ಅವನನ್ನು ಹುಡುಕುವ ಹೊತ್ತಾಗಿತ್ತು.

ಗುಂಡಿ ಒತ್ತಿದರೆ ದಾರಿ ತೆರೆಯುತ್ತದೆ. ಒತ್ತಿದರೆ ಡಾಕ್ಟರರ ಎದುರು ಅವಳು ಮುಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಕಟ್ಟಿಕೊಂಡ ಗಂಡನನ್ನೇ ಮರೆತವಳು ಎಂದು ಅವಳಿಗೆ ಅವನ ಬಾಯಿಂದಲೇ ಗೊತ್ತಾಗುತ್ತದೆ. ಅದಷ್ಟೇ ಕಾರಣವಾಗಿದ್ದರೆ ಅವನು ಒತ್ತುತ್ತಿದ್ದ. ಅದರ ಕೆಳಗೆ ಇನ್ನೊಂದಿತ್ತು. ಹೇಳಿಕೊಟ್ಟು ಹೇಳಿಸಿಕೊಂಡ ಹೆಸರು ತನಗೆ ಬೇಡ ಎಂಬ ಒಂದು ಸಣ್ಣ, ಗಟ್ಟಿ ಹಟ. ಎಲ್ಲರೂ ಸಿಕ್ಕರು, ಪಕ್ಕದ ಮನೆಯ ರುದ್ರವ್ವ ಕೂಡ ಸಿಕ್ಕಳು. ಇನ್ನೊಂದು ಗಳಿಗೆ ಕೊಟ್ಟರೆ, ಇನ್ನೊಂದು ಸುತ್ತು ಹುಡುಕಿದರೆ, ತಾನಾಗಿ ಸಿಕ್ಕೇನೇನೋ.

ಜುಬೇದಾ ಗಾಜಿನತ್ತ ತಿರುಗಿ ಹೆಬ್ಬೆರಳು ಎತ್ತಿದರು. "ಶುರು ಮಾಡ್ಲೇನು ಹಂಚಿನಾಳರ?"

ಅವನ ತಲೆ ತಾನಾಗಿಯೇ ಆಡಿತು.

ಪರದೆಯ ಮೇಲೆ ಹಸಿರು ಚೌಕಗಳು ಒಂದೊಂದಾಗಿ ಎದ್ದು ಎಡಕ್ಕೆ ಸರಿದು ಒತ್ತೊತ್ತಾಗಿ ಕೂರತೊಡಗಿದವು. ಬೂದಿ ಅಂಚಿನಿಂದ ಕರಗುತ್ತ ಬಂತು. ನೋಡಲು ಚೆಂದವಿತ್ತು. ಕೊನೆಗೆ ಪಟ್ಟಿ ಮೂರರಲ್ಲೊಂದು ಪಾಲಾಗಿ, ಪೂರ್ತಿ ಹಸಿರಾಗಿ, ಹೊಸ ಚಿಗುರಿನಂತೆ ನಿಂತಿತು.

*

ಆಟೋದಲ್ಲಿ ಬರುವಾಗ ನೀಲಗಂಗಾ ದಾರಿಯುದ್ದಕ್ಕೂ ಮಾತಾಡಿದಳು. ಅಗೋ ಫೇಡೆ ಅಂಗಡಿ, ಅಗೋ ನಾವು ಕಲಿತ ಸಾಲಿ, ಅಗೋ ಗುಲ್‌ಮೊಹರ್ ಗಿಡ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕೂದಲು ತೂರಲೂ ಜಾಗವಿರಲಿಲ್ಲ. ಮನೆಯ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಆಟೋ ಇಳಿದ ನೀಲಗಂಗಾ ಅವನತ್ತ ತಿರುಗಿ ಎರಡೂ ಕೈ ಜೋಡಿಸಿದಳು.

"ಭಾಳ ಉಪಕಾರ ಆತ್ರಿ ಸರ್. ಇನ್ನ ನೀವು ಹೋಗ್ರಿ, ನಮ್ಮ ತಂಗಿ ಬಂದಾಳ."

ಒಂದಿಷ್ಟೂ ತಡೆಯಲಿಲ್ಲ. ಹುಡುಕಲಿಲ್ಲ. ಹಳೆಯ ಓಣಿಯಲ್ಲಿ ಅವನದೊಂದು ಬೀಗ ಹಾಕಿದ ಮನೆಯಾದರೂ ಇತ್ತು, ಅವಳು ಬಂದು ಅದರ ಮುಂದೆ ನಿಲ್ಲುತ್ತಿದ್ದಳು.

"ಅಕ್ಕಾ, ಚಾಷ್ಟಿ ಮಾಡಬ್ಯಾಡ. ಮಾಮಾ ಅದಾರ," ಎಂದು ಕಸ್ತೂರಿ ನಕ್ಕಳು. ಅಕ್ಕನ ಮುಖ ನೋಡಿ ಆ ನಗು ಅರ್ಧಕ್ಕೇ ನಿಂತಿತು.

ಆಮೇಲೆ ಕಸ್ತೂರಿಯೇ ಮದುವೆಯ ಫೋಟೋ ತೆಗೆದು ತೋರಿಸಿದಳು. ನೀಲಗಂಗಾ ಒಂದೊಂದನ್ನೂ ಹತ್ತಿರ ಹಿಡಿದು ನೋಡಿದಳು. ಶಾಲೆಯಲ್ಲಿ ಇತಿಹಾಸದ ಪಾಠ ನಂಬುವಂತೆ ನಂಬಿದಳು. "ಹೌದೇನು? ನನ್ನಿಂದ ತಪ್ಪಾತ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ," ಎಂದು ಅವನ ಬಳಿ ಕ್ಷಮೆ ಕೇಳಿದಳು. ಅಂದಿನಿಂದ ಅವನ ಅನ್ನಕ್ಕೆ ತುಪ್ಪ ಸ್ವಲ್ಪ ಹೆಚ್ಚೇ ಬೀಳತೊಡಗಿತು. ಹಾಸಿಗೆ ಬೇರೆ ಕೋಣೆಗೆ ಹೋಯಿತು, ಅದನ್ನು ಒಯ್ದು ಹಾಸಿದವನು ಅವನೇ.

ಜುಬೇದಾ ಅತ್ತರು. ಅವಳು ನಾಚಿದ್ದಾಳೆಂದು ನಾನು ನಕ್ಕುಬಿಟ್ಟೆನಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅಡಿವೆಪ್ಪ ಅವರನ್ನು ಸಮಾಧಾನ ಮಾಡಿದ. ಹಳೆಯ ನೇಮ ಬಿದ್ದುಹೋಗಿ ಹೊಸದು ಬಂತು. ಕಿವಿಗೆ ಬಿದ್ದದ್ದೂ ಬಳಕೆ, ಕಣ್ಣಿಗೆ ಬಿದ್ದ ಮುಖವೂ ಬಳಕೆ. ಕರಡು ಬರೆದವನೂ ಅವನೇ. ಆ ನೇಮದಿಂದ ಬೇರೆ ಮನೆಗಳು ಉಳಿದವು.

ನೀಲಗಂಗಾಳ ಚಾಪೆ ಮತ್ತೆ ತುಂಬಿತು. "ಗೋಪುರ ಆತು, ಇನ್ನ ಆನಿ ತಗೀರಿ. ಏ, ಬಟ್ಟಿ ಹಿಂದ ಗಂಟ ಬಿದ್ದೈತಿ, ಬಿಚ್ಚು!" ಎಂದು ಅವಳ ಧ್ವನಿ ಬೆಳಗಿನಿಂದ ಮನೆ ತುಂಬ ಓಡಾಡುತ್ತಿತ್ತು. ಅದನ್ನು ಕೇಳುತ್ತ ಅಡಿವೆಪ್ಪ ಒಳಗೆ ಕೂತಿರುತ್ತಿದ್ದ. ಅವಳ ಸಂತೋಷ ಸುಳ್ಳಾಗಿರಲಿಲ್ಲ, ಅದಕ್ಕಾಗಿ ಅವನಿಗೆ ಹೊಟ್ಟೆಕಿಚ್ಚೂ ಇರಲಿಲ್ಲ.

ಒಂದು ದಿನ ಗ್ಯಾಸ್ ಸಿಲಿಂಡರಿನವ ಬಂದ. "ಯಾರ ಹೆಸರಿಲೆ ಐತ್ರಿ ಅಕ್ಕಾರ?"

"ಅಡಿವೆಪ್ಪ ಹಂಚಿನಾಳ್," ಎಂದಳು ನೀಲಗಂಗಾ. ಜೋರಾಗಿ, ಸ್ಪಷ್ಟವಾಗಿ. ಬೀದಿಯ ಹೆಸರು ಹೇಳಿದಂತೆ.

ಅವಳ ಬಾಯಿಂದ ಆ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. ಅಡುಗೆಮನೆಯಿಂದ ಕಸ್ತೂರಿ ಓಡಿಬಂದಳು, ಕಣ್ಣಲ್ಲಿ ನೀರು. "ಮಾಮಾ, ಕೇಳಿದ್ರೇನು? ಅಕ್ಕ ನಿಮ್ಮ ಹೆಸರ ಹೇಳಿದ್ಲು! ನೆನಪಾಗಾಕತ್ತೈತಿ ಆಕಿಗೆ!"

"ಹೌದವ್ವ," ಎಂದ ಅಡಿವೆಪ್ಪ. ಗಂಡನ ಹೆಸರಾಗಿದ್ದರೆ ಅವಳು ಅದನ್ನು ಹೇಳುತ್ತಿರಲಿಲ್ಲ ಎಂಬುದು ಆ ಹುಡುಗಿಗೆ ಹೊಳೆದಿರಲಿಲ್ಲ.

ಅದೇ ಸಂಜೆ ನೀಲಗಂಗಾ ಅವನ ಎದುರು ಬಂದು ಕೂತಳು. ಕೈಯಲ್ಲಿ ಹೊಲಿಗೆಯಿರಲಿಲ್ಲ.

"ಒಂದ ಮಾತ ಕೇಳ್ಲೇನ್ರಿ? ಅವತ್ತ ಆ ಕುರ್ಚಿ ಮ್ಯಾಲೆ ಕೂತಾಗ ನಿಮ್ಮ ಹೆಸರ ಒಂದ ಬರಲಿಲ್ಲ ಅಂತ ಕಸ್ತೂರಿ ಹೇಳಿದ್ಲು. ನೀವೂ ಅಲ್ಲೇ ಇದ್ರಂತ. ನಾ ನಾಚ್ಕೊಂಡೀನಂತ ನೀವೂ ತಿಳಕೊಂಡ್ರೇನು?"

ಅವಳ ಕಣ್ಣು ಅವನ ಮುಖದ ಮೇಲಿತ್ತು. ಅದರ ಹಿಂದೆ ಯಾವ ಓಡಾಟವೂ ಇರಲಿಲ್ಲ.

"ಹೌದು," ಎಂದ ಅವನು. "ಹಂಗ ತಿಳಕೊಂಡೆ."

"ಪಾಪ," ಎಂದಳು ಅವಳು. ಅವನ ಕೈಯನ್ನು ಒಮ್ಮೆ ಮುಟ್ಟಿ ಎದ್ದುಹೋದಳು.

ಗೆರೆ ಎರಡು ಸಲ ತುದಿಯವರೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದನ್ನು ತಾನು ನೋಡಿದ್ದೆ, ನೋಡಿಯೂ ಗುಂಡಿ ಒತ್ತಲಿಲ್ಲ ಎಂಬುದನ್ನು ಅಡಿವೆಪ್ಪ ಅವಳಿಗೆ ಎಂದೂ ಹೇಳಲಿಲ್ಲ.